ಹದಿನಾಲ್ಕು ಮನೆ, ಒಂದು ಒಲೆ

ಅವರ ಎಡಗೈಯ ಬೆರಳುಗಳು ಪೂರ್ತಿ ಕೂಡುತ್ತಿರಲಿಲ್ಲ. ತೋರುಬೆರಳಿಗೂ ನಡುಬೆರಳಿಗೂ ಮಧ್ಯೆ ಒಂದು ಸಂದು, ನಡುಬೆರಳಿಗೂ ಉಂಗುರದ ಬೆರಳಿಗೂ ಮಧ್ಯೆ ಇನ್ನೊಂದು. ಮೂವತ್ತು ವರ್ಷ ಕನಕಪುರ, ರಾಮನಗರ, ಮಾಗಡಿ, ಚನ್ನಪಟ್ಟಣ ಎಂದು ಓಡುವ ಬಸ್ಸುಗಳಲ್ಲಿ ನೋಟುಗಳನ್ನು ಉದ್ದಕ್ಕೆ ಮಡಚಿ ಸಿಕ್ಕಿಸಿಕೊಂಡು ನಿಂತಿದ್ದ ಕೈ ಅದು. ಬೊಗಸೆಯಲ್ಲಿ ನೀರು ಹಿಡಿದರೆ ಬಾಯಿಗೆ ಬರುವ ಮೊದಲೇ ಅರ್ಧ ಸೋರಿಹೋಗುತ್ತಿತ್ತು. “ರಿಟೇರ್ ಆದಾಗ ಬ್ಯಾಗ್ ಇಸ್ಕಂಡ್ರು, ಸೀಟಿ ಇಸ್ಕಂಡ್ರು, ಇದೊಂದ್ನ ಮಾತ್ರ ಮಡಿಕ್ಕಳಪ್ಪ ಅಂತ ಬುಟ್ಬುಟ್ರು” ಎಂದು ಕೈ ತೋರಿಸಿ ನಗುತ್ತಿದ್ದರು.

ನಾನು ಅವರನ್ನು ಕಂಡದ್ದು ನಿವೃತ್ತಿಯಾದ ಮೇಲೆ. ಆಗ ಆ ಸಂದುಗಳಲ್ಲಿ ನೋಟಿನ ಬದಲು ಚೀಟಿಗಳಿರುತ್ತಿದ್ದವು. ಟಾರ್ಪಾಲಿನದು ಒಂದರಲ್ಲಿ, ಕಂಬಳಿಯದು ಇನ್ನೊಂದರಲ್ಲಿ. ನಾನು ಜಿಲ್ಲೆಯ ಒಂದು ಪರಿಹಾರ ಸಂಸ್ಥೆಯಲ್ಲಿ ಮೇಲ್ವಿಚಾರಕ, ಅವರು ನಮ್ಮ ಸ್ವಯಂಸೇವಕ. ಮರಳವಾಡಿ ಕಡೆಯವರು, ಹೊಲದ ಜೊತೆಗೆ ಕುರಿ ಸಾಕುವ ಮನೆತನ. ಊರಿಗೆಲ್ಲ ಕಂಡಕ್ಟರಣ್ಣ, ನನಗೂ ಹಾಗೇ. ನನಗಿಂತ ಮೂವತ್ತು ವರ್ಷಕ್ಕೆ ದೊಡ್ಡವರನ್ನು ಅಣ್ಣ ಎನ್ನುವುದು ಸರಿಯೇ ಎಂದು ಒಮ್ಮೆ ಕೇಳಿದೆ. “ಬಸ್ಸಲ್ಲಿ ಎಲ್ರಿಗೂ ಅಣ್ಣನೇ ಕಣಪ್ಪ, ತಾತ ಅಂದ್ರೆ ಟಿಕೆಟ್ಟೇ ಕೊಡಕಿಲ್ಲ ನಾನು” ಎಂದರು.

ನಮ್ಮ ಸಂಸ್ಥೆಯ ವಿಷಯ ಒಸಿ ಹೇಳಬೇಕು, ಇಲ್ಲದಿದ್ದರೆ ಅವರ ಕಥೆ ಅರ್ಥವಾಗುವುದಿಲ್ಲ. ಎಲ್ಲಕ್ಕಿಂತ ಮೇಲೆ, ನಾವ್ಯಾರೂ ಕಣ್ಣಿಂದ ನೋಡದ ದೇಶದಲ್ಲಿ, ಒಂದು ಕೇಂದ್ರ ಕಚೇರಿ ಇದೆ. ಅಲ್ಲಿ ದಾನ ಎತ್ತುತ್ತಾರೆ, ನಿಯಮ ಮಾಡುತ್ತಾರೆ. ಅದರ ಕೆಳಗೆ ದೆಹಲಿಯಲ್ಲಿ ದೇಶದ ಕಚೇರಿ. ನಿಯಮ ಸರಿಯಾಗಿ ಪಾಲನೆಯಾಗುತ್ತಿದೆಯೇ ಎಂದು ನೋಡುವುದು, ವರದಿ ಬರೆಯುವುದು ಅದರ ಕೆಲಸ. ಅದರ ಕೆಳಗೆ ಬೆಂಗಳೂರಿನ ಸಂಸ್ಥೆ, ತರಬೇತಿ ಕೊಡುತ್ತದೆ, ಸಭೆ ಕರೆಯುತ್ತದೆ. ಅದರ ಕೆಳಗೆ ನಾವು. ನಮ್ಮನ್ನು ಕಾಗದದಲ್ಲಿ ಪಾಲುದಾರರು ಎಂದು ಕರೆಯುತ್ತಾರೆ, ಫೋನಿನಲ್ಲಿ ಕರೆಯುವ ದನಿಯೇ ಬೇರೆ. ನಮ್ಮ ಕೆಳಗೆ ಸಂಬಳವಿಲ್ಲದ ಸ್ವಯಂಸೇವಕರು. ಅವರ ಕೆಳಗೆ ನೆಂದು ನಿಂತಿರುವ ಜನ, ಅಷ್ಟೆ.

ಇದೆಲ್ಲವನ್ನೂ ಮೊದಲ ದಿನ ಬೋರ್ಡಿನ ಮೇಲೆ ಚೌಕ ಚೌಕವಾಗಿ ಬರೆದು ನಾನು ಅವರಿಗೆ ವಿವರಿಸಿದೆ. ಗಮನವಿಟ್ಟು ಕೇಳಿದರು. “ಅಂದ್ರೆ ನಮ್ ಡಿಪೋ ಇದ್ದಂಗೇ ಆಯ್ತು. ಸೆಂಟ್ರಲ್ ಆಫೀಸು, ಡಿವಿಜನ್ನು, ಡಿಪೋ, ಕಂಟ್ರೋಲ್ ರೂಮು. ಎಲ್ಲಾ ಐತೆ. ಬಸ್ ಓಡ್ಸೋರ್ ಯಾರು?” ನಾನು ನಕ್ಕೆ. ಅವರು ನಗಲಿಲ್ಲ, ನಿಜವಾಗಿಯೇ ಕೇಳಿದ್ದರು.

ನಮ್ಮ ಪಕ್ಕದಲ್ಲಿ ಇನ್ನೂ ಬೇರೆ ಬೇರೆ ಸಂಸ್ಥೆಗಳು. ನೀರಿನ ಕೆಲಸದವರು, ಸೂರಿನ ಕೆಲಸದವರು, ಆರೋಗ್ಯದವರು, ಮಕ್ಕಳ ರಕ್ಷಣೆಯವರು. ಯಾರೂ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಬಾರದು. ರಾಮನಗರದಲ್ಲಿ ಎಲ್ಲರನ್ನೂ ಕೂರಿಸಿ ಸಮನ್ವಯ ಸಭೆ ನಡೆಯುತ್ತಿತ್ತು, ಬಿಸ್ಕತ್ತು ಚೆನ್ನಾಗಿರುತ್ತಿತ್ತು. ಒಂದು ಸಲ ಕಂಡಕ್ಟರಣ್ಣನನ್ನೂ ಕರೆದುಕೊಂಡು ಹೋದೆ. ಆ ವಾರ ಟಾರ್ಪಾಲುಗಳು ಬಂದಿದ್ದವು, ಹಗ್ಗ ಬಂದಿರಲಿಲ್ಲ, ಹಗ್ಗ ಬೇರೆ ಸಂಸ್ಥೆಯ ಪಾಲಿಗೆ ಬಿದ್ದಿತ್ತು. ಒಂದೂವರೆ ಗಂಟೆ ಅದರ ಚರ್ಚೆ ಕೇಳಿದ ಮೇಲೆ ಅವರು ಕೈ ಎತ್ತಿದರು.

“ಟಾರ್ಪಾಲ್ ಒಬ್ರು, ಹಗ್ಗ ಒಬ್ರು, ಗೂಟ ಇನ್ನೊಬ್ರಾ ಸಾ? ಮಳೆ ಬರೋದು ಒಂದೇ ಕಡೆಯಿಂದ ಅಲ್ವಾ?”

ಸಭೆಯಲ್ಲಿ ಎಲ್ಲರೂ ಖುಷಿಯಾಗಿ ನಕ್ಕರು. ಬೆಂಗಳೂರಿನಿಂದ ಬಂದಿದ್ದವರೊಬ್ಬರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಹಗ್ಗ ಮಾತ್ರ ಮತ್ತೂ ಎಂಟು ದಿನ ಬರಲಿಲ್ಲ. ಕಂಡಕ್ಟರಣ್ಣ ಕುರಿ ಕಟ್ಟುವ ಹಗ್ಗಗಳನ್ನು ಮನೆಯಿಂದ ಹೊತ್ತು ತಂದು ಕಟ್ಟಿಸಿದರು.

ಅವರ ಕೆಲಸದ ರೀತಿಯೇ ಬೇರೆ. ನಮ್ಮಲ್ಲಿ ಮೇಜು ಹಾಕಿ ಕೂರುವ ಪದ್ಧತಿ, ಜನ ಸಾಲಾಗಿ ಬಂದು ಹೆಸರು ಬರೆಸಬೇಕು. ಅವರು ಮೇಜಿನ ಹತ್ತಿರ ಕೂರುತ್ತಲೇ ಇರಲಿಲ್ಲ. “ಕಂಡಕ್ಟ್ರು ಸೀಟಲ್ ಕುಂತ್ಕಂಡು, ಬನ್ನಿ ಬನ್ನಿ ಟಿಕೆಟ್ ತಗಳಿ ಅಂತಾನಾ? ನಾವೇ ಓಗ್ಬೇಕು ಕಣಪ್ಪ, ಜನ ಎಲ್ ಕುಂತವ್ರೋ ಅಲ್ಲಿಗೆ” ಎಂದು ಕಿವಿಗೆ ಪೆನ್ಸಿಲ್ ಸಿಕ್ಕಿಸಿ ಹೊರಡುವರು. ಒಂದು ಹಟ್ಟಿಯ ಮುಂದೆ ನಿಂತು ತುಟಿ ಅಲ್ಲಾಡಿಸಿದರೆಂದರೆ ಲೆಕ್ಕ ಮುಗಿಯಿತು, ಇಷ್ಟು ಜನ, ಇಷ್ಟು ಕೂಸು. ನಾವು ಟ್ಯಾಬ್ ಹಿಡಿದು ಅರ್ಧ ದಿನ ಮಾಡಿದ ಮೇಲೆ ಅದೇ ಸಂಖ್ಯೆ ಬರುತ್ತಿತ್ತು. ಒಮ್ಮೆ ಬರಲಿಲ್ಲ. ಹೋಗಿ ನೋಡಿದರೆ ನಮ್ಮವರು ಕಣಜದ ಹಿಂದೆ ಮಲಗಿದ್ದ ಮುದುಕನನ್ನು ಬಿಟ್ಟಿದ್ದರು. ಕಂಡಕ್ಟರಣ್ಣನಿಗೆ ಮಾತ್ರ ಅವನು ಹೇಗೆ ಕಂಡ ಎಂದರೆ, ಕೆಮ್ಮು ಕೇಳಿಸಿತಂತೆ.

ಆ ವರ್ಷ ಚನ್ನಪಟ್ಟಣ ತಾಲ್ಲೂಕಿನಲ್ಲಿ, ಬೈರಾಪಟ್ಟಣದಿಂದ ಸ್ವಲ್ಪ ದೂರದಲ್ಲಿ, ಒಂದು ಕೆರೆಯ ಏರಿ ಒಡೆಯಿತು. ಏರಿಯ ಕೆಳಗೊಂದು ಕಾಲೋನಿ. ಹದಿನಾಲ್ಕು ಮನೆ. ಹಿಪ್ಪುನೇರಳೆ ತೋಟಗಳಿಗೆ ಕೂಲಿಗೆ ಹೋಗುವವರು, ನಾಲ್ಕಾರು ಕುರಿ ಸಾಕಿಕೊಂಡವರು. ಜೀವ ಹೋಗಲಿಲ್ಲ, ಉಳಿದದ್ದೆಲ್ಲ ಹೋಯಿತು. ಗೋಡೆಗಳು ಅರ್ಧರ್ಧ ನಿಂತಿದ್ದವು, ಮೇಲೆ ಏನೂ ಇರಲಿಲ್ಲ. ಆ ಜಾಗಕ್ಕೆ ಹಕ್ಕುಪತ್ರವಿಲ್ಲದ್ದರಿಂದ ಸರ್ಕಾರದ ಪರಿಹಾರದ ಪಟ್ಟಿಗೆ ಅವರು ಸೇರುವಂತಿರಲಿಲ್ಲ. ಅವರ ತಲೆ ಮೇಲೆ ಏನಾದರೂ ಬರುವುದಿದ್ದರೆ ನಮ್ಮಿಂದ ಬರಬೇಕಿತ್ತು: ಕುಟುಂಬಕ್ಕೆ ಒಂದು ಟಾರ್ಪಾಲು, ಎರಡು ಕಂಬಳಿ, ಒಂದು ಬಕೆಟ್ಟು, ಒಂದಿಷ್ಟು ಪಾತ್ರೆ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯವರು ಬಿಟ್ಟುಕೊಟ್ಟಿದ್ದ ಶೆಡ್ಡಿನಲ್ಲಿ ಅವನ್ನೆಲ್ಲ ಅಟ್ಟಿ ಹಾಕಿದ್ದೆವು.

ಎಲ್ಲರಿಗಿಂತ ಮೊದಲು ಅಲ್ಲಿಗೆ ಹೋದದ್ದು ಕಂಡಕ್ಟರಣ್ಣ. ಮಣ್ಣಿನ ಒಲೆಗಳೆಲ್ಲ ಕರಗಿಹೋಗಿದ್ದವು, ಸೌದೆ ನೆಂದಿತ್ತು, ಹದಿನಾಲ್ಕು ಮನೆಯವರೂ ಹದಿನಾಲ್ಕು ಕಡೆ ಹೊಗೆ ಊದುತ್ತ ಕಣ್ಣೀರು ಸುರಿಸುತ್ತಿದ್ದರಂತೆ. ಇವರು ಹೊಂಗೆಮರದ ಕೆಳಗೆ ನಾಲ್ಕು ಸೈಜುಗಲ್ಲು ಇಡಿಸಿದರು, ಯಾವುದೋ ಛತ್ರದಿಂದ ದೊಡ್ಡ ತಪ್ಪಲೆ ತಂದರು. “ಇರೋ ಒಣಸೌದೆ ಎಲ್ಲಾ ಒಂದ್ಕಡೀಕ್ ತನ್ನಿ. ಇರೋ ಇಟ್ಟೂ ತನ್ನಿ. ಒಂದೇ ಒಲೇಲಿ ಬೇಯ್ಸ್ಕಂಡು ಎಲ್ರೂ ಉಣ್ಣಿ. ಜಗಳ ಗಿಗಳ ಆಮ್ಯಾಕ್ ಆಡೀರಂತೆ.” ನಾನು ಮೂರನೇ ದಿನ ಹೋದಾಗ ಮುದ್ದೆ ಕಟ್ಟುವವರು ಕಟ್ಟುತ್ತಿದ್ದರು, ಸೊಪ್ಪು ಸೋಸುವವರು ಸೋಸುತ್ತಿದ್ದರು. ಹಿಂದಿನ ತಿಂಗಳು ಬೇಲಿ ವಿಷಯಕ್ಕೆ ಹೊಡೆದಾಡಿದ್ದ ಎರಡು ಮನೆಯವರು ಒಂದೇ ಚಾಪೆಯಲ್ಲಿ ಕೂತು ಉಣ್ಣುತ್ತಿದ್ದರು. ನಾನು ಅದರ ಫೋಟೋ ತೆಗೆದು ಬೆಂಗಳೂರಿಗೆ ಕಳಿಸಿದೆ. ಅಲ್ಲಿಂದ ಹೆಬ್ಬೆರಳಿನ ಚಿತ್ರ ಬಂತು.

ಈಗ ನಿಯಮದ ಮಾತು. ಯಾರನ್ನು ಒಂದು ಕುಟುಂಬ ಎನ್ನಬೇಕು ಎಂಬುದಕ್ಕೆ ನಮ್ಮ ಅರ್ಜಿಯಲ್ಲಿ ಒಂದು ಸಾಲಿತ್ತು: ಒಂದೇ ಅಡುಗೆಯಲ್ಲಿ ಉಣ್ಣುವವರೆಲ್ಲ ಒಂದು ಕುಟುಂಬ. ಕೆಟ್ಟ ನಿಯಮವೇನಲ್ಲ. ಒಂದೇ ಸೂರಿನ ಕೆಳಗೆ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹಾಕಿಕೊಂಡಿದ್ದರೆ ಇಬ್ಬರಿಗೂ ಸಿಗಲಿ ಎಂದು ಯಾರೋ ಪುಣ್ಯಾತ್ಮರು ಯೋಚಿಸಿ ಬರೆದದ್ದು. ಕೆರೆ ಒಡೆದು ಒಲೆಗಳೇ ಇಲ್ಲದ ಊರಲ್ಲಿ ಏನು ಮಾಡಬೇಕು ಎಂದು ಅವರು ಯೋಚಿಸಿರಲಿಲ್ಲ. ಕಂಡಕ್ಟರಣ್ಣ ಪಟ್ಟಿ ತಂದು ಕೊಟ್ಟಾಗ ನಾನು ಈ ಸಾಲು ತೋರಿಸಿದೆ.

“ಹದಿನಾಲ್ಕು ಬರೆದಿದ್ದೀರಲ್ಲಣ್ಣ. ಒಲೆ ಒಂದೇ ಇದೆ.”

“ಮನೆ ಹದ್ನಾಕು ಐತಲ್ಲಪ್ಪ. ಒಲೆ ನಾನ್ ಏಳಿ ಒಂದ್ ಮಾಡ್ಸಿದ್ದು.”

“ನಿಯಮ ಹೀಗಿದೆ.”

“ನಿಯಮ ಬರ್ದೋರು ಬಂದು ನೋಡ್ಲಿ. ಒಂದ್ ಟಾರ್ಪಾಲ್ ಕೆಳ್ಗೆ ಹದ್ನಾಕ್ ಮನೆಯೋರು ಎಂಗ್ ಮಲ್ಗ್ತಾರೆ ಅಂತ ತೋರುಸ್ಲಿ.”

ನಾನು ಪಟ್ಟಿಯನ್ನು ಹಾಗೇ ಕಳಿಸಿದೆ. ಅವರ ಮಾತು ಸರಿ ಎಂದು ಕಳಿಸಿದೆನೋ, ಯಾರು ನೋಡುತ್ತಾರೆ ಎಂದು ಕಳಿಸಿದೆನೋ, ಈಗ ನೆನಪಿಲ್ಲ. ಎರಡನೆಯದೇ ಇರಬೇಕು.

ನೋಡುವವರು ಬಂದರು. ದೆಹಲಿ ಕಚೇರಿಯ ಪರಿಶೀಲನೆಯ ಹೆಂಗಸು. ಒಳ್ಳೆಯವಳು, ಅದೇ ಕಷ್ಟ. ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದಳು, ಕೊಟ್ಟ ನೀರು ಕುಡಿದಳು. ಪಟ್ಟಿ ಮಾಡಿದವರು ಪರಿಶೀಲನೆಯ ದಿನ ಅಲ್ಲಿರಬಾರದು ಎಂಬುದು ಇನ್ನೊಂದು ನಿಯಮ. ಆದ್ದರಿಂದ ಕಂಡಕ್ಟರಣ್ಣ ಮೈಲಿ ದೂರದ ಬಸ್ ಸ್ಟಾಪಿನಲ್ಲಿ ಕೂತಿದ್ದರು. ಮಾತು ತಿಳಿಸಿಕೊಡಲು ಇದ್ದವನು ನಾನು.

ಅವಳು ಕಾಲೋನಿಯ ಹಿರಿಯ ಅಜ್ಜಿಯನ್ನು ಕೇಳಿದಳು, ನೀವೆಲ್ಲ ಅಡುಗೆ ಎಲ್ಲಿ ಮಾಡುತ್ತೀರಿ ಎಂದು. ನಾನು ಕನ್ನಡದಲ್ಲಿ ಕೇಳಿದೆ. ಅಜ್ಜಿಗೆ ಯಾರೋ ದೊಡ್ಡವರು ದೂರದಿಂದ ಬಂದು ತಮ್ಮ ಊರನ್ನು ವಿಚಾರಿಸುತ್ತಿದ್ದಾರೆ ಎಂಬ ಸಂಭ್ರಮ. ತಮ್ಮಲ್ಲಿ ಒಡಕಿಲ್ಲ ಎಂದು ತೋರಿಸಬೇಕು, ಜಗಳಗಂಟರಿಗೆ ಯಾರು ಕೊಡುತ್ತಾರೆ ಎಂಬ ಲೆಕ್ಕಾಚಾರವೂ ಇದ್ದೀತು. ಎದೆ ತಟ್ಟಿ ಹೇಳಿದಳು:

“ಬ್ಯಾರೆ ಬ್ಯಾರೆ ಅನ್ನೋದೇ ನಮ್ ತಾವ ಇಲ್ಲ ಕಣವ್ವಾ. ಒಂದೇ ಒಲೆ, ಒಂದೇ ತಪ್ಪಲೆ. ನಾವೆಲ್ಲಾ ಒಂದೇ ಮನೆಯೋರು ಅಂದ್ಕಬುಡು.”

ಸುತ್ತ ನಿಂತವರೆಲ್ಲ ಹೌದು ಹೌದು ಎಂದರು. ಬೇಲಿಗೆ ಹೊಡೆದಾಡಿದವನು ಎಲ್ಲರಿಗಿಂತ ಗಟ್ಟಿಯಾಗಿ ಹೌದು ಎಂದ.

ನಾನು ಅದನ್ನು ಪದಕ್ಕೆ ಪದ ಇಂಗ್ಲಿಷಿಗೆ ಮಾಡಿಕೊಟ್ಟೆ. ಅಜ್ಜಿ ಮರ್ಯಾದೆಗೆ ಆಡಿದ ಮಾತು ಅದು, ಲೆಕ್ಕಕ್ಕೆ ಆಡಿದ್ದಲ್ಲ, ನೆರೆ ಬರುವ ಮೊದಲು ಇಲ್ಲಿ ಹದಿನಾಲ್ಕು ಒಲೆ ಇದ್ದವು ಎಂದು ಸೇರಿಸುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಸೇರಿಸಿದೆ ಕೂಡ, ಆದರೆ ತಡವಾಗಿ, ಜೀಪು ಹತ್ತುವಾಗ, ಅರ್ಧ ದನಿಯಲ್ಲಿ. ಅದಕ್ಕೆ ಅರ್ಜಿಯಲ್ಲಿ ಕಾಲಂ ಇಲ್ಲ ಎಂದು ಅವಳು ನಿಜವಾದ ಬೇಸರದಿಂದಲೇ ಹೇಳಿದಳು. ನಾನು ಜೀಪಿನ ಬಾಗಿಲು ಹಾಕಿದೆ.

ಹತ್ತು ದಿನದ ಮೇಲೆ ಬೆಂಗಳೂರಿಗೆ ಕರೆದರು. ವರದಿಯಲ್ಲಿ ಹೀಗಿತ್ತು: ಸ್ವಯಂಸೇವಕರು ಒಂದು ಕುಟುಂಬವನ್ನು ಹದಿನಾಲ್ಕಾಗಿ ತೋರಿಸಿದ್ದಾರೆ. ಸುಳ್ಳು ಪಟ್ಟಿ ಸಿಕ್ಕ ಕಡೆ ಇಡೀ ಜಿಲ್ಲೆಯ ವಿತರಣೆ ನಿಲ್ಲಬೇಕು. ನಿಲ್ಲಬಾರದೆಂದರೆ ಒಂದು ದಾರಿ ಇದೆ, ಇದು ಒಬ್ಬ ಸ್ವಯಂಸೇವಕರ ತಪ್ಪು, ಸಂಸ್ಥೆಗೆ ಸಂಬಂಧವಿಲ್ಲ, ಅವರನ್ನು ಕೈಬಿಟ್ಟಿದ್ದೇವೆ ಎಂದು ಮೇಲ್ವಿಚಾರಕ ಬರೆದುಕೊಡಬೇಕು. ಮೇಜಿನ ಆಚೆ ಇದ್ದವರು ಗದರಲಿಲ್ಲ. ಮಾಗಡಿ ಕಡೆಯ ಹಳ್ಳಿಗಳು, ಕನಕಪುರ ಕಡೆಯ ಹಳ್ಳಿಗಳು, ಎಲ್ಲರ ಸಾಮಾನು ಹಾರೋಹಳ್ಳಿಯ ಶೆಡ್ಡಿನಲ್ಲೇ ಕೊಳೆಯುತ್ತದಲ್ಲ ಎಂದರು. ಅದು ನಿಜವೇ. ನಾನು ಸಹಿ ಹಾಕಿದೆ. ಮಾಗಡಿಯವರಿಗೆ ಕಂಬಳಿ ಸಿಕ್ಕಿತು, ಕನಕಪುರದವರಿಗೆ ಟಾರ್ಪಾಲು ಸಿಕ್ಕಿತು. ನನ್ನ ಕೆಲಸವೂ ಉಳಿಯಿತು, ಅದನ್ನು ಹೇಳದೆ ಬಿಡಬಾರದು.

ಕಂಡಕ್ಟರಣ್ಣನಿಗೆ, ಇದು ಮೇಲಿನವರ ತೀರ್ಮಾನ ಎಂದಷ್ಟೇ ಹೇಳಿದೆ. ಕೊರಳಿನ ಗುರುತಿನ ಚೀಟಿ ತೆಗೆದು, ಪಟ್ಟಿಯನ್ನು ನೀಟಾಗಿ ಸುತ್ತಿ ನನ್ನ ಕೈಗಿಟ್ಟರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಂದೇ ತಪ್ಪು ಬುಡಪ್ಪ. ಎಲ್ರೂ ಒಟ್ಗೆ ಉಣ್ಣಿ ಅಂದಿದ್ ನಾನು. ಅವರ್ ಪಾಡಿಗ್ ಅವ್ರು ಹೊಗೆ ಊದ್ಕಂಡ್ ಇದ್ದಿದ್ರೆ ಸೂರು ಸಿಗ್ತಿತ್ತು.”

ಅಲ್ಲ, ನಿಮ್ಮ ತಪ್ಪಲ್ಲ ಎಂದು ಒಂದು ಮಾತು ಹೇಳಬೇಕಿತ್ತು. ಹೇಳಿದರೆ ಯಾರ ತಪ್ಪು ಎಂಬ ಪ್ರಶ್ನೆ ಬರುತ್ತದೆ. ನಾನು ಟೀ ಕುಡಿಯೋಣ ಬನ್ನಿ ಎಂದೆ. ಅವರು ಬರಲಿಲ್ಲ, ಬಸ್ಸಿಗೆ ಹೊತ್ತಾಯಿತು ಎಂದು ಹೋದರು.

ಕಾಲೋನಿಗೆ ನಿಯಮದ ಪ್ರಕಾರ ಒಂದು ಕುಟುಂಬದ ಸಾಮಾನು ಬಂತು. ಒಂದು ಟಾರ್ಪಾಲು, ಎರಡು ಕಂಬಳಿ, ಒಂದು ಬಕೆಟ್ಟು. ಬಾಣಂತಿ ಇದ್ದ ಮನೆಗೆ ಟಾರ್ಪಾಲು ಕೊಡೋಣ ಎಂದು ಅಜ್ಜಿ ಹೇಳಿದಳು, ಎಲ್ಲರೂ ಒಪ್ಪಿದರು. ಅಲ್ಲಿಯವರೆಗೆ ಸರಿಯಿತ್ತು. ಆಮೇಲೆ ಯಾಕೆ ಹೀಗಾಯಿತು ಎಂದು ಯಾರೋ ಕೇಳಿ, ಯಾರೋ ಹೇಳಿ, ಎಲ್ಲರೂ ಅಜ್ಜಿಯ ಮೇಲೆ ಬಿದ್ದರು. “ಒಂದೇ ಮನೆಯೋರು ಅಂತ ಯಾವನ್ ಕೇಳಿದ್ನೇ ನಿನ್ನ” ಎಂದು ಸ್ವಂತ ಸೊಸೆಯೇ ಬೈದಳು. ಸಂಜೆಯ ಹೊತ್ತಿಗೆ ಹೊಂಗೆಮರದ ಕೆಳಗಿನ ಒಲೆಯ ಕಲ್ಲುಗಳನ್ನು ಕೈಗೆ ಸಿಕ್ಕವರು ಒಂದೊಂದು ಎತ್ತಿಕೊಂಡು ಹೋದರು. ಮರುದಿನ ಹದಿನಾಲ್ಕು ಮನೆಯ ಮುಂದೆ ಹದಿನಾಲ್ಕು ಒಲೆ ಇದ್ದವು. ಈಗ ಯಾರಾದರೂ ಪರಿಶೀಲನೆಗೆ ಬಂದಿದ್ದರೆ ನಿಯಮಕ್ಕೆ ಸರಿಹೋಗುತ್ತಿತ್ತು. ಯಾರೂ ಬರಲಿಲ್ಲ, ಆ ಊರಿನ ಕಡತ ಮುಗಿದಿತ್ತು. ಉಳಿದ ಹದಿಮೂರು ಮನೆಯವರು ಹಳೇ ಸೀರೆ, ಗೊಬ್ಬರದ ಚೀಲ ಹೊಲಿದು ಮೇಲೆ ಹೊದಿಸಿಕೊಂಡರು.

ಮುಂದಿನ ಮಳೆಗಾಲದಲ್ಲಿ ಕಂಡಕ್ಟರಣ್ಣ ಕನಕಪುರದಲ್ಲಿ ಆಸ್ಪತ್ರೆ ಸೇರಿದ್ದಾರೆ, ಎದೆಯಲ್ಲಿ ನೀರು ತುಂಬಿದೆ ಎಂದು ಗೊತ್ತಾಯಿತು. ಸೇರಿದ ಮರುದಿನವೇ ಕಿತ್ತಳೆ ಹಣ್ಣು ಹಿಡಿದು ಹೋದೆ. ದಿಂಬಿಗೆ ಒರಗಿ ಕೂತಿದ್ದರು. ಮೊದಲು ವಾರ್ಡಿನಲ್ಲಿ ಎಷ್ಟು ಮಂದಿ ಇದ್ದಾರೆ, ಎಷ್ಟು ಹಾಸಿಗೆ ಇದೆ ಎಂದು ಹೇಳಿದರು. ಆಮೇಲೆ ಕೇಳಿದರು.

“ಆ ಹದ್ನಾಕ್ ಮನೆಗ್ ಬಂತೇನಪ್ಪ ಟಾರ್ಪಾಲು?”

ಉಸಿರು ಎಳೆದುಕೊಳ್ಳುವುದಕ್ಕೇ ಒದ್ದಾಡುತ್ತಿದ್ದ ಮನುಷ್ಯನಿಗೆ ಏನು ಹೇಳುವುದು? ಸಮಾಧಾನವಾಗಲಿ ಎಂದುಕೊಂಡೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

“ಬಂತಣ್ಣ. ಎಲ್ಲಾ ಮನೆಗೂ ಬಂತು. ಹೋದ ತಿಂಗಳೇ ಕೊಟ್ಟಿದ್ದೀವಿ.”

ದಿಂಬಿನಿಂದ ಬೆನ್ನು ಎತ್ತಿದರು. “ಅಂಗಾರೆ ನಿನ್ ಸಯ್ಯಿ ವಾಪಸ್ ಕೊಟ್ರಾ?”

ಸಹಿಯ ವಿಷಯ ಅವರಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ. ಎಷ್ಟು ದಿನದಿಂದ ಗೊತ್ತಿತ್ತೋ ಅದೂ ಗೊತ್ತಿಲ್ಲ.

“ಹೂಂ” ಎಂದೆ.

“ಒಳ್ಳೇದಾಯ್ತು. ಓಗು, ಮಳೆ ಬರೋಂಗೈತೆ. ಬಸ್ ಸಿಗಕಿಲ್ಲ ಆಮ್ಯಾಕೆ” ಎಂದು ಕಣ್ಣು ಮುಚ್ಚಿದರು. ಆರನೇ ದಿನ ತೀರಿಕೊಂಡರು.

ಮಣ್ಣಿಗೆ ನಾನು ಹೋಗಲಿಲ್ಲ, ಸಮನ್ವಯ ಸಭೆ ಇತ್ತು. ಹಾಲುತುಪ್ಪದ ದಿನ ಹೋದೆ. ನಮ್ಮ ಸಂಸ್ಥೆಯಿಂದ ಹೂವಿನ ಹಾರ ತರಬೇಕೆಂದುಕೊಂಡೆ, ಆದರೆ ಕಾಗದದಲ್ಲಿ ಅವರು ನಮ್ಮವರಲ್ಲ, ಕೈಬಿಟ್ಟವರು. ಸ್ವಂತಕ್ಕೆ ಒಂದು ತಂದೆ. ಅವರ ಹೆಂಡತಿ ಜಗಲಿಯ ಮೇಲೆ ಕೂತಿದ್ದರು. ಆ ಅಮ್ಮನ ಹತ್ತಿರ ಕೂತು, ಅಣ್ಣನಿಗೆ ಇದ್ದಕ್ಕಿದ್ದಂತೆ ಯಾಕೆ ಹೀಗಾಯಿತು ಎಂದು ಲೋಕಾರೂಢಿಯ ಮಾತು ಆಡಿದೆ.

“ನೆನೆಯೋದು ಬ್ಯಾಡ ಅಂತ ಬಡ್ಕಂಡೆ ಕಣಪ್ಪ. ಕೇಳ್ದಾರಾ? ಒಸಿ ಮಳೆ ಉಯ್ಯಂಗಿಲ್ಲ, ಆ ಚನ್ನಪಟ್ಣದ್ ಕಡೆ ಕಾಲೋನಿಗ್ ಓಗೋರು. ಆಸ್ಪತ್ರೆಗ್ ಸೇರೋ ಹಿಂದಿನ್ ದಿನಾನೂ ಓಗಿದ್ರು. ಕುರಿ ಕೊಟ್ಗೆ ಮ್ಯಾಲಿಂದ ಪಾಲಿತಿನ್ ಕಿತ್ಕಂಡು, ಹೊತ್ಕಂಡ್ ಓಗಿ ಯಾರ್ದೋ ಮನೆಗ್ ಹೊದ್ಸಿ ಬಂದ್ರು. ಬಂದೋರು, ಇನ್ನೂ ಹನ್ನೆರಡ್ ಮನೆ ಅಂಗೇ ಸೋರ್ತವೆ ಕಣಮ್ಮಿ, ಯಾರೂ ಏನೂ ಕೊಟ್ಟಿಲ್ಲ ಅಂತ ಮೂಲೇಲ್ ಕುಂತ್ಕಂಡ್ರು. ಅವತ್ತೇ ಜ್ವರ ಇಡ್ಕತು.”

ಆ ಅಮ್ಮ ಇನ್ನೂ ಏನೋ ಹೇಳುತ್ತಿದ್ದರು. ನನಗೆ ಕೇಳಿಸಲಿಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ಕೇಳುವಾಗ ಅವರಿಗೆ ಉತ್ತರ ಗೊತ್ತಿತ್ತು. ಎರಡೇ ದಿನದ ಹಿಂದೆ ಸ್ವಂತ ಕೈಯಿಂದ ಸೋರುವ ಸೂರನ್ನು ಮುಟ್ಟಿ ಬಂದಿದ್ದರು. ಕೇಳಿದ್ದು ನಾನು ಏನು ಹೇಳುತ್ತೇನೆ ಎಂದು. ಇಲ್ಲ ಅಣ್ಣ, ಬಂದಿಲ್ಲ, ನಾನೇ ತಪ್ಪು ಮಾಡಿದೆ ಎಂದಿದ್ದರೆ ಏನೆನ್ನುತ್ತಿದ್ದರೋ. ಬೈಯುತ್ತಿದ್ದರೇನೋ, ಹೋಗಿ ಸರಿಮಾಡು ಎನ್ನುತ್ತಿದ್ದರೇನೋ. ನಾನು ಬಂತು ಎಂದೆ, ಅವರು ಒಳ್ಳೇದಾಯ್ತು ಎಂದರು. ನನ್ನನ್ನು ಕ್ಷಮಿಸಿದರು ಎಂದು ಕೆಲವು ದಿನ ನಂಬಲು ನೋಡಿದೆ, ಆಗಲಿಲ್ಲ. ಇವನಿಂದ ಇನ್ನೇನೂ ಆಗುವುದಿಲ್ಲ ಎಂದು ತೀರ್ಮಾನಿಸಿ ಕಣ್ಣು ಮುಚ್ಚಿದರು, ಅಷ್ಟೆ.

ಹೋದ ತಿಂಗಳು ಬೆಂಗಳೂರಿಗೆ ಪತ್ರ ಬರೆದೆ, ಅವರ ಪಟ್ಟಿ ಸರಿಯಿತ್ತು, ನಾನು ಬರೆದುಕೊಟ್ಟದ್ದು ಸುಳ್ಳು, ಆ ಮನೆಗಳಿಗೆ ಕೊಡಬೇಕಾದ್ದನ್ನು ಕೊಡಬೇಕು ಎಂದು. ಅವರು ದೆಹಲಿಗೆ ಕಳಿಸಿದರು, ದೆಹಲಿಯವರು ಮೇಲಕ್ಕೆ ಕಳಿಸಿದರು. ಉತ್ತರ ಬಹಳ ಮರ್ಯಾದೆಯಿಂದ ಬಂತು. ಯೋಜನೆ ಮುಕ್ತಾಯವಾಗಿದೆ, ದಾಖಲೆಗಳನ್ನು ಈಗ ಬದಲಿಸಲು ಬರುವುದಿಲ್ಲ, ತಮ್ಮ ಕಾಳಜಿಗೆ ಧನ್ಯವಾದ. ಆ ದಾಖಲೆಯ ಒಂದು ಪ್ರತಿ ನನ್ನ ಕಪಾಟಿನಲ್ಲೂ ಇದೆ. ಅದರಲ್ಲಿ ಆ ಕಾಲೋನಿ ಇವತ್ತಿಗೂ ಒಂದೇ ಕುಟುಂಬ, ಕಂಡಕ್ಟರಣ್ಣ ಇವತ್ತಿಗೂ ಸುಳ್ಳ, ಕೆಳಗಿರುವ ಸಹಿ ನನ್ನದು.